ಒಂದೇ ಕೈಯ ಹತ್ಯಾರ

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳ ಹಾಗಿರಲಿಲ್ಲ. ಹಳದಿಗಟ್ಟಿ, ದಪ್ಪಗಾಗಿ, ತುದಿ ಮುಂದಕ್ಕೆ ಬಾಗಿ, ಒಣಕೊಬ್ಬರಿಯ ಚೂರೊಂದನ್ನು ಬೆರಳಿಗೆ ಅಂಟಿಸಿದಂತಿತ್ತು. ಹಾಗೆ ಬೆಳೆಸಿದ್ದು ಸುಮ್ಮನೆ ಅಲ್ಲ. ಮಡಚಿದ ಚಾಕುವಿನ ಬೆನ್ನಿಗೆ ಸಣ್ಣದೊಂದು ಗೀರು ಇರುತ್ತದಲ್ಲ, ಅದಕ್ಕೆ ಆ ಉಗುರನ್ನು ಸಿಕ್ಕಿಸಿ ಎಂಥ ಬಿರುಸಿನ ಅಲಗನ್ನಾದರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಬ್ಬಿಸಿಬಿಡುತ್ತಿದ್ದರು. ದಿನವಿಡೀ ಅದೇ ಕೆಲಸ.

ಅವರು ನನಗೆ ರಕ್ತಸಂಬಂಧಿಯಲ್ಲ. ವಡಗಾವಿಯಿಂದ ಬೆಳಗಾವಿ ಪೇಟೆಗೆ ಹೋಗುವ ದಾರಿಯಲ್ಲಿ ಅವರ ಕಬ್ಬಿಣದ ಅಂಗಡಿ. ಜೈನರ ಮನೆತನ, ಊರಿಗೆಲ್ಲ ಅವರು ಕಾಕಾ. ಮೊಳೆ, ಕೀಲಿ, ಚಿಲಕ ಎಲ್ಲ ಇದ್ದರೂ ಅವರ ಜೀವ ಇದ್ದದ್ದು ಗೋಡೆಗೆ ಸಾಲಾಗಿ ತೂಗುಹಾಕಿದ ಮಡಚುವ ಹತ್ಯಾರಗಳಲ್ಲಿ. ಒಂದೇ ಹಿಡಿಕೆಯೊಳಗೆ ಚಾಕು, ಸ್ಕ್ರೂಡ್ರೈವರು, ಡಬ್ಬಿ ತೆರೆಯುವ ಕೊಕ್ಕೆ, ಕತ್ತರಿ, ಮೊನೆಸೂಜಿ ಎಲ್ಲ ಮಡಚಿ ಕೂತಿರುವಂಥವು. ಫೌಜಿನವರು ಇಟ್ಟುಕೊಳ್ಳುವ ಉಕ್ಕಿನ ಚಾಕು, ತೋಟದವರ ಬಾಗಿದ ಅಲಗು, ಗೋವೆಯಿಂದ ಖಾನಾಪುರದ ಹಾದಿಯಾಗಿ ಬರುತ್ತಿದ್ದ ಕೆಂಪು ಹಿಡಿಕೆಯ ಫಾರಿನ್ ಮಾಲು. ಎಪ್ಪತ್ತರ ದಶಕದ ಕೊನೆಯಲ್ಲಿ ಆ ಕೆಂಪು ಹಿಡಿಕೆ ಕಿಸೆಯಲ್ಲಿದ್ದರೆ ಅದರ ಗತ್ತೇ ಬೇರೆ.

ಆದರೆ ಬೇಕೆಂದವರಿಗೆ ಬೇಕಾದದ್ದನ್ನು ಕೊಡುವ ಅಂಗಡಿ ಅದಾಗಿರಲಿಲ್ಲ. ಗಿರಾಕಿ ಬೆರಳು ತೋರಿಸಿದರೆ ಕಾಕಾ ಏಳುತ್ತಲೇ ಇರಲಿಲ್ಲ. "ಮುಂಜಾನಿಂದ ಈ ಕೈಲೆ ಏನೇನ ಮಾಡೀರಿ, ಒಂದೀಟ ಮಾಡಿ ತೋರ್ಸರಿ" ಅನ್ನುವರು. ಲಾರಿ ಡ್ರೈವರನೊಬ್ಬ ಕೆಂಪು ಹಿಡಿಕೆಯದಕ್ಕೇ ಹಟ ಹಿಡಿದಾಗ ಅವನಿಂದ ಗಾಳಿಯಲ್ಲಿ ಬಾನೆಟ್ಟು ಎತ್ತಿಸಿ, ವಾಯರು ಕಟ್ಟಿಸಿ, ಬೋಲ್ಟು ತಿರುವಿಸಿ ನೋಡಿದರು. "ಇದರಾಗಿನ ಕತ್ತರಿ ತಗೊಂಡ ಏನ ಮೀಸಿ ಕತ್ತರಸ್ತೀಯೇನೋ?" ಅಂತ ಬೈದು ಸಣ್ಣ ಇಕ್ಕಳ, ದಪ್ಪ ಸ್ಕ್ರೂಡ್ರೈವರು ಇದ್ದ ಗಟ್ಟಿ ದೇಸಿ ಹತ್ಯಾರ ಹಲಗೆಯ ಮೇಲಿಟ್ಟರು. ಶಿವಬಸವ ನಗರದ ಟೀಚರಬಾಯಿ ಒಬ್ಬರು ಮನೆಗೆಂದು ದೊಡ್ಡದೊಂದನ್ನು ಕೇಳಿದರೆ, ಅವರ ಬೆರಳು ನೋಡಿ, "ಇದು ಬಿರುಸೈತ್ರಿ ಬಾಯಾರ, ನಿಮ್ಮ ಉಗುರ ಕಿತ್ತ ಬರತೈತಿ. ಡಬ್ಬಿ ತೆರ್ಯಾಕ, ಸ್ಟೋವಿನ ಸ್ಕ್ರೂ ಬಿಗ್ಯಾಕ ಈ ಸಣ್ಣದ ಸಾಕು" ಅಂದರು. "ಕಣ್ಣ ಮೆಚ್ಚಿದ್ದ ಕೈಗಿ ಒಗ್ಗೂದಿಲ್ಲ" ಅನ್ನುವುದು ಅವರ ಮಾತು. ಎಷ್ಟೋ ಜನ ಸಿಟ್ಟಾಗಿ ಬೇರೆ ಅಂಗಡಿಗೆ ಹೋದರು. ಕಾಕಾ ಅವರನ್ನು ಕರೆಯಲಿಲ್ಲ.

ಇನ್ನೆರಡು ಪದ್ಧತಿಗಳಿದ್ದವು ಅವರಿಗೆ. ಬೇಟೆಗೆ ಅಂತ ಯಾರಾದರೂ ಅಲಗು ಕೇಳಿದರೆ, "ಇಲ್ಲ" ಅನ್ನುವ ಒಂದೇ ಶಬ್ದ. ಗೋಡೆಯ ಮೇಲೆ ಅದು ಕಣ್ಣಿಗೆ ಕಾಣುವಂತೆ ತೂಗುತ್ತಿದ್ದರೂ "ಇಲ್ಲ". ಎರಡನೆಯದು ಎಲ್ಲ ಮನೆಗಳಲ್ಲೂ ಇರುವಂಥದ್ದೇ: ಅಲಗಿನ ವಸ್ತುವನ್ನು ಕೈಯಿಂದ ಕೈಗೆ ಕೊಡಬಾರದು, ಜಗಳಾಗುತ್ತದೆ. ಹಲಗೆಯ ಮೇಲಿಡಬೇಕು, ಗಿರಾಕಿ ಎತ್ತಿಕೊಳ್ಳಬೇಕು. ಈ ಎರಡನೆಯ ಪದ್ಧತಿಯಿಂದಲೇ ನನ್ನ ವಿಷಯದಲ್ಲಿ ಕಾಕಾ ಎಡವಿದರು.

ನಾನು ವಡಗಾವಿಯ ಓಣಿಯೊಂದರಲ್ಲಿ ಜಾಬರ್ ಆಗಿದ್ದೆ. ವಿದ್ಯುತ್ ಮಗ್ಗ ಕೆಟ್ಟರೆ ಅದರ ಕೆಳಗೆ ನುಗ್ಗಿ ರಿಪೇರಿ ಮಾಡುವವನಿಗೆ ನಮ್ಮಲ್ಲಿ ಜಾಬರ್ ಅನ್ನುತ್ತಾರೆ. ನನ್ನ ಕೈ ಬಿದ್ದ ಮಗ್ಗ ಮತ್ತೆ ನಿಲ್ಲುವುದಿಲ್ಲ ಅನ್ನುವ ಸೊಕ್ಕೂ ಇತ್ತು ನನಗೆ. ಒಂದು ದಿನ ಯಾರೋ ನೋಡದೆ ಸ್ವಿಚ್ ಹಾಕಿದರು. ಎಡಗೈ ಹಲ್ಲುಗಾಲಿಗೆ ಸಿಕ್ಕಿತು. ಹೆಬ್ಬೆರಳು ಸಮೇತ ಮೂರು ಬೆರಳು ಹೋದವು. ಉಳಿದೆರಡಕ್ಕೆ ಕಸುವಿರಲಿಲ್ಲ. ಗಾಯ ಮಾಯಿತು, ಆದರೆ ಮಗ್ಗದ ಕೆಳಗೆ ಮಲಗಿದಾಗ ಬಿಡಿ ಹತ್ಯಾರಗಳನ್ನು ಹಿಡಿದುಕೊಂಡಿರಲು ಎಡಗೈಯೇ ಇಲ್ಲ. ಬೋಲ್ಟು ತಿರುವುವ ಪಾನಾ ಇಟ್ಟು ಸ್ಕ್ರೂಡ್ರೈವರು ಹುಡುಕುವುದರೊಳಗೆ ಎಳೆ ಜಾರುತ್ತಿತ್ತು, ಸ್ಕ್ರೂಡ್ರೈವರು ಸಿಗುವುದರೊಳಗೆ ಪಾನಾ ಉರುಳುತ್ತಿತ್ತು. ಮಾಲಕರು ಕೆಟ್ಟವರಲ್ಲ, ಆದರೂ ನೇರವಾಗಿ ಹೇಳಿದರು: "ದೀಪಾವಳಿ ತನಕ ನೋಡ್ತೀನಪಾ. ಆಮ್ಯಾಲೆ ಬ್ಯಾರೆ ಜಾಬರನ್ನ ಇಟಗೋತೀನಿ. ನೀ ಬೇಕಾರ ಕಂಡಿಕಿ ಸುತ್ತಕೋಂತ ಕುಂದರು."

ಕಂಡಿಕೆಗೆ ನೂಲು ಸುತ್ತುವುದು ನಮ್ಮಲ್ಲಿ ಮುದುಕರ ಕೆಲಸ. ಅದರ ಕೂಲಿಯಲ್ಲಿ ಅವ್ವ, ಹೆಂಡತಿ, ತೊಟ್ಟಿಲ ಕೂಸು ಇದ್ದ ಮನೆ ನಡೆಯುತ್ತಿರಲಿಲ್ಲ. ನಾನು ಹಲ್ಲು ಕಚ್ಚಿ ತೀರ್ಮಾನ ಮಾಡಿದೆ: ಸತ್ತರೂ ಕಂಡಿಕೆ ಮುಟ್ಟುವುದಿಲ್ಲ. ಎಲ್ಲ ಹತ್ಯಾರವೂ ಒಂದೇ ಹಿಡಿಕೆಯಲ್ಲಿದ್ದು, ಅದು ಕೊರಳಿಗೆ ತೂಗುತ್ತಿದ್ದರೆ ಬಲಗೈ ಒಂದೇ ಸಾಕಲ್ಲ!

ಕಾಕಾರ ಅಂಗಡಿಗೆ ಹೋದಾಗ ಎಡಗೈ ಟವೆಲ್ಲಿನೊಳಗಿತ್ತು. ಆಗಿನ್ನೂ ಅದನ್ನು ಯಾರಿಗೂ ತೋರಿಸುವ ಮನಸ್ಸಿರಲಿಲ್ಲ. ಕೆಲಸ ಮಾಡಿ ತೋರಿಸೆಂದರು, ಬಲಗೈಯಿಂದ ತೋರಿಸಿದೆ. ಬಹಳ ಹೊತ್ತು ನೋಡಿ ಒಂದನ್ನು ಆರಿಸಿದರು. ಎಳೆ ಎಳೆಯುವ ಕೊಕ್ಕೆ, ಮೋಟು ಅಲಗು, ಸ್ಕ್ರೂಡ್ರೈವರು, ಸಣ್ಣ ಪಾನಾ. ಹಲಗೆಯ ಮೇಲಿಟ್ಟರು, ನಾನು ಬಲಗೈಯಿಂದ ಎತ್ತಿಕೊಂಡೆ. ಕೈಯಿಂದ ಕೈಗೆ ಕೊಡುವ ರೂಢಿಯಿದ್ದಿದ್ದರೆ ಅವರಿಗೆ ಎಡಗೈ ಕಾಣುತ್ತಿತ್ತೇನೋ. ಕಾಣಲಿಲ್ಲ.

ಹತ್ಯಾರ ಬಂಗಾರದಂಥದ್ದು. ಆದರೆ ಅದನ್ನು ತೆರೆಯಲು ಇನ್ನೊಂದು ಕೈಯ ಉಗುರು ಬೇಕು! ಅದನ್ನೆಲ್ಲಿಂದ ತರಲಿ? ಹಲ್ಲಿನಿಂದ ಕಚ್ಚಿ ಎಳೆಯತೊಡಗಿದೆ. ಒಂದು ವಾರದಲ್ಲಿ ತುಟಿ ಸೀಳಿತು. ಹೆಂಡತಿ, "ನಿಮ್ಮ ಮಗ್ಗ ಸುಡ್ಲಿ, ಬಾಯಿನಾದ್ರೂ ಉಳಿಸ್ಕೋರಿ" ಅಂತ ಅತ್ತಳು. ಹಾದಿಯಲ್ಲಿ ಹೋಗುತ್ತಿದ್ದ ನನ್ನನ್ನು ಕಾಕಾ ಕೂಗಿ ಕರೆದರು.

"ತುಟಿಗಿ ಏನಾತೋ?"

"ದಾಡಿ ಮಾಡ್ಕೊಳಾಗ ಬ್ಲೇಡ ತಾಗೇತ್ರಿ."

"ದಾಡಿ ತುಟಿ ಮ್ಯಾಲ ಬೆಳಿತೈತೇನೋ ಹುಚ್ಚಪ್ಯಾಲಿ? ಆ ಟವೆಲ್ಲ ತಗಿ."

ತೆಗೆದೆ. ಕಾಕಾ ನನ್ನ ಕೈ ನೋಡಿದರು, ಆಮೇಲೆ ತಮ್ಮ ಉಗುರು ನೋಡಿಕೊಂಡರು. ಅವರ ಮುಖ ಸಣ್ಣದಾಯಿತು. "ತಪ್ಪ ನಂದು" ಅಂದರು. "ಕೆಲಸ ಕೇಳಿದೆ, ಕೈ ಕೇಳಲಿಲ್ಲ." ಆ ಮಾತಿಗೆ ನನಗೆ ಅಳು ಬಂತು. ಗಾಯವಾದ ಮೇಲೆ ನಾನು ಅತ್ತದ್ದು ಅವತ್ತೇ ಮೊದಲು.

ಗೋಡೆಯ ಮೇಲಿದ್ದ ಪ್ರತಿಯೊಂದನ್ನೂ ಇಳಿಸಿ ಹಲಗೆಯ ಮೇಲಿಟ್ಟು ನನ್ನ ಬಲಗೈಯಿಂದ ತೆರೆಸಿ ನೋಡಿದರು. ಒಂದೂ ಒಂದೇ ಕೈಯಲ್ಲಿ ತೆರೆಯಲಿಲ್ಲ. ಅಲಗುಗಳ ಬುಡಕ್ಕೆ ಒಂದೊಂದು ಗುಬ್ಬಿ, ಅಂದರೆ ಉಬ್ಬಿದ ಸಣ್ಣ ಗುಂಡಿ, ಕೂರಿಸಿ, ಒಳಗಿನ ಸ್ಪ್ರಿಂಗನ್ನು ಒಂದಿಷ್ಟು ಸಡಿಲ ಮಾಡಿದರೆ ಹೆಬ್ಬೆರಳಿನಿಂದಲೇ ತಳ್ಳಿ ತೆರೆಯಬಹುದು ಅಂತ ಅವರಿಗೆ ಹೊಳೆಯಿತು. ಪೇಟೆಯ ಕಮ್ಮಾರನೊಬ್ಬ ಪ್ರಯತ್ನ ಮಾಡಿ ಒಂದು ಹತ್ಯಾರದ ಸ್ಪ್ರಿಂಗು ಮುರಿದಿಟ್ಟ. "ಇಷ್ಟ ಸಣ್ಣ ಪಟ್ಟಿಗಿ ಹದಾ ಕೊಡೂ ಕೈ ಒಂದ ಐತಿ, ಖಾನಾಪುರದಾಗ" ಅಂದವರೇ ಕಾಕಾ ಅಲ್ಲಿಗೇ ಸುಮ್ಮನಾದರು.

ಯಾಕೆ ಅಂತ ಆಮೇಲೆ ತಿಳಿಯಿತು. ಆ ಖಾನಾಪುರದ ಕಮ್ಮಾರನ ಕುಡುಗೋಲುಗಳನ್ನು ಕಾಕಾ ವರ್ಷಗಟ್ಟಲೆ ಮಾರಿದ್ದರು. ಒಮ್ಮೆ ಅವನ ಕುಲುಮೆಯಲ್ಲಿ ಕಾಡುಹಂದಿ ಬೇಟೆಯ ಭರ್ಚಿಗಳನ್ನು ಕಂಡು, "ಇನ್ನ ನಿನ್ನ ಹೊಸ್ತಲಾ ತುಳ್ಯಾಂಗಿಲ್ಲ" ಅಂತ ಆಣೆ ಮಾಡಿ ಎದ್ದು ಬಂದಿದ್ದರು. ಅವನೂ ಬಿಸಿ ರಕ್ತದವನೇ. ತನ್ನ ಕಸುಬಿಗೆ ಅವಮಾನವಾಯಿತೆಂದು ಮಾತು ಬಿಟ್ಟಿದ್ದ.

ದೀಪಾವಳಿ ಹತ್ತಿರ ಬಂತು. ಒಂದು ಶನಿವಾರ ಕಾಕಾ ನನ್ನನ್ನು ಕರೆದುಕೊಂಡು ಖಾನಾಪುರದ ಪ್ಯಾಸೆಂಜರ್ ರೈಲು ಹತ್ತಿದರು. ಶನಿವಾರ ಯಾರೂ ಕಬ್ಬಿಣ ಕೊಳ್ಳುವುದಿಲ್ಲ, ಅಂಗಡಿ ಹೇಗೂ ಖಾಲಿ. ಹೊರಡುವಾಗ ನಮ್ಮವ್ವ ಮಾತ್ರ, "ಶನಿವಾರ ಕಬ್ಬಣದ ಕೆಲಸಕ್ಕ ಹೊಂಟೀರಲ್ಲ!" ಅಂತ ಅಡ್ಡ ಬಂದಳು. "ತರಬಾರದು ಅಂತ ಐತೆವ್ವ, ಮಾಡಸಬಾರದು ಅಂತ ಎಲ್ಲೈತಿ?" ಅಂದರು ಕಾಕಾ.

ಕುಲುಮೆಯ ಎದುರು ಕಾಕಾ ಹೊಸ್ತಿಲಿನ ಆಚೆಯೇ ನಿಂತರು. ಕಮ್ಮಾರ ತಲೆ ಎತ್ತಲಿಲ್ಲ. ಸುತ್ತಿಗೆಯ ಸದ್ದಿನ ನಡುವೆಯೇ ಕಾಕಾ ವಿಷಯ ಹೇಳಿದರು.

"ಅಹೋ ಸಾವಕಾರ್ರ, ಮೊದಲ ನಿಮ್ಮ ಆಣಿ ಹಿಂದ ತಗೋರಿ, ಒಳಗ ಬರ್ರಿ. ಆಮ್ಯಾಲೆ ಕೆಲಸ" ಅಂದ ಅವನು.

"ಆಣಿ ಹಿಂದ ತಗೊಳ್ಳಾಂಗಿಲ್ಲ."

"ಹಂಗಾರ ರೈಲ ಹಿಡೀರಿ."

"ಅದೂ ಹಿಡ್ಯಾಂಗಿಲ್ಲ" ಅಂದ ಕಾಕಾ ಬಾಗಿಲೆದುರಿನ ಕಲ್ಲಿನ ಮೇಲೆ, ಬಿಸಿಲಿನಲ್ಲಿ, ಕೂತೇಬಿಟ್ಟರು.

ಕೂತವರು ಸುಮ್ಮನಿರಲಿಲ್ಲ. "ಏ ತಮ್ಮಾ, ಅಲ್ಲೆ ಚಕ್ಕಡಿ ಐತಲ್ಲ, ಅದರ ಕೆಳಗ ಮಲಕೋ. ಅದ ಮಗ್ಗ ಅಂತ ತಿಳಕೊಂಡ ನಿನ್ನ ಕೆಲಸ ಮಾಡು" ಅಂತ ನನಗೆ ಹುಕುಂ. ರಸ್ತೆಯ ಧೂಳಿನಲ್ಲಿ ಅಂಗಾತ ಮಲಗಿ, ಗಾಳಿಯಲ್ಲಿ ಬೋಲ್ಟು ಬಿಚ್ಚಿ, ಎಳೆ ಎಳೆದು, ಬಿಗಿದು ತೋರಿಸಿದೆ. ಹೋಗಿ ಬರುವ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಕಾಕಾ ಮಾತ್ರ, "ಇನ್ನೊಮ್ಮೆ ಮಾಡು. ಹೆಬ್ಬಟ್ಟ ಎಲ್ಲಿ ಬರತೈತಿ, ಕಾಣೂ ಹಂಗ ಮಾಡು" ಅನ್ನುತ್ತಲೇ ಇದ್ದರು. ಒಳಗೆ ಸುತ್ತಿಗೆ ಆಗಾಗ ನಿಲ್ಲುತ್ತಿತ್ತು.

ಮಧ್ಯಾಹ್ನ ಬುತ್ತಿಯ ಗಂಟು ಬಿಚ್ಚಿ ನನಗೆ ರೊಟ್ಟಿ, ಹೆಸರುಕಾಳಿನ ಪಲ್ಯ ಕೊಟ್ಟರು. ತಮ್ಮ ಪಾಲನ್ನು ಮತ್ತೆ ಕಟ್ಟಿಟ್ಟರು. ಹೊತ್ತು ಇಳಿಯತೊಡಗಿತು. ಸೂರ್ಯ ಮುಳುಗಿದ ಮೇಲೆ ಕಾಕಾ ತುತ್ತು ಮುಟ್ಟುವವರಲ್ಲ. ಅವರ ಧರ್ಮದ ನೇಮ ಅದು. ಅಂಗಡಿಯನ್ನೇ ಅದಕ್ಕಾಗಿ ಬೇಗ ಮುಚ್ಚುತ್ತಿದ್ದರು.

"ಕಾಕಾ, ಹೊತ್ತ ಮುಳಗಾಕತ್ತೈತ್ರಿ. ಉಂಡ ಬಿಡ್ರಿ" ಅಂದೆ.

"ಉಂಡ್ರ ಎದ್ದ ಹೋಗೂ ಮನಸ ಆಕೈತಿ. ಸುಮ್ಮ ಕುಂದರು."

ನಾನು ಕಾಲು ಹಿಡಿಯುವುದೊಂದು ಬಾಕಿ. ಗುಡ್ಡದ ಹಿಂದೆ ಸೂರ್ಯ ಇಳಿದ. ಬುತ್ತಿ ಕಟ್ಟಿದಂತೆಯೇ ಇತ್ತು. ಒಳಗೆ ಸುತ್ತಿಗೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಕಮ್ಮಾರ ಹೊರಬಂದು ಕಾಕಾರ ಮುಖವನ್ನಾಗಲೀ ನನ್ನ ಮುಖವನ್ನಾಗಲೀ ನೋಡದೆ ಕೈ ಚಾಚಿದ. "ಕೊಡ್ರಿ ಅದನ್ನ" ಅಂದ. ಕಾಕಾ ನನ್ನ ಹತ್ಯಾರವನ್ನು ಹೊಸ್ತಿಲ ಮೇಲಿಟ್ಟರು. ಅವನು ಎತ್ತಿಕೊಂಡು ಹೋಗಿ ಮತ್ತೆ ತಿದಿ ಒತ್ತಿದ.

ನನಗೊಂದು ಮಾತೂ ಕೇಳಲಿಲ್ಲ ಆ ಪುಣ್ಯಾತ್ಮ. ಸ್ಪ್ರಿಂಗಿನ ಪಟ್ಟಿಗೆ ಹದ ಕೊಟ್ಟು, ನನ್ನ ಹೆಬ್ಬೆರಳು ಎಲ್ಲಿ ಬೀಳುತ್ತದೋ ಅಲ್ಲಿಗೇ ಹಿತ್ತಾಳೆಯ ಗುಬ್ಬಿಗಳನ್ನು ಕೂರಿಸಿದ. ಕೈಗೆ ತಗೊಂಡು ತಳ್ಳಿದೆ. ಕೊಕ್ಕೆ ಎದ್ದಿತು. ತಳ್ಳಿದೆ, ಸ್ಕ್ರೂಡ್ರೈವರು ಎದ್ದಿತು. ಹೊಸ್ತಿಲಾಚೆಯಿಂದ ಕಾಕಾ, "ಮುಚ್ಚು. ಮತ್ತ ತಗಿ. ಮುಚ್ಚು" ಅನ್ನುತ್ತಿದ್ದರು. ಅವರ ದನಿ ಸೋತಿತ್ತು. ರೈಲು ಹೋಗಿಬಿಟ್ಟಿತ್ತು, ಸ್ಟೇಷನ್ನಿನ ಬೆಂಚಿನ ಮೇಲೆ ಕಾಕಾ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಮಲಗಿದರು. ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಅದೇ ಒಣ ರೊಟ್ಟಿ ತಿಂದರು.

ಸೋಮವಾರ ಮಾಲಕರ ಎದುರಿಗೇ ಕೆಟ್ಟು ನಿಂತ ಮಗ್ಗದ ಕೆಳಗೆ ಹೊಕ್ಕೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಮಗ್ಗ ಖಟಖಟ ಅಂದಿತು. ಮಾಲಕರು ಪಕ್ಕದ ಮಗ್ಗದ ಕಡೆ ಕೈ ತೋರಿಸಿದರು: "ಅದನ್ನೂ ಒಂದೀಟ ನೋಡು." ಬೇರೆ ಜಾಬರನ ಮಾತು ಮತ್ತೆ ಬರಲಿಲ್ಲ.

ಕಾಕಾ, ಕಮ್ಮಾರ ಇಬ್ಬರೂ ಆಮೇಲೆ ಬದಲಾದರು ಅಂದುಕೊಳ್ಳಬೇಡಿ. ಇವರು ಹೊಸ್ತಿಲು ದಾಟಲಿಲ್ಲ, ಅವನು ಭರ್ಚಿ ಮಾಡುವುದು ಬಿಡಲಿಲ್ಲ. ಆದರೆ ಗೋಡೆಯ ಮೇಲಿನ ಯಾವ ಹತ್ಯಾರವೂ ಒಗ್ಗದ ಗಿರಾಕಿ ಬಂದರೆ ಕಾಕಾ ಅವರನ್ನು ಕರೆದುಕೊಂಡು ಖಾನಾಪುರಕ್ಕೆ ಹೋಗುವುದು ರೂಢಿಯಾಯಿತು. ಪೋಲಿಯೋ ಆಗಿದ್ದ ದರ್ಜಿಯೊಬ್ಬ, ನಡುಗುವ ಕೈಯ ಗಡಿಯಾರ ರಿಪೇರಿಯವ, ಕಣ್ಣು ಮಂಜಾದ ಬುಟ್ಟಿ ಹೆಣೆಯುವ ಮುದುಕಿ. ಕಮ್ಮಾರ ಹೊರಗಿನ ಆ ಕಲ್ಲಿನ ಮೇಲೆ ಹಂಚಿನ ಚಪ್ಪರ ಹಾಕಿಸಿದ. ಕಾಕಾ ಅದರ ನೆರಳಲ್ಲಿ ಕೂತು ಹೊತ್ತಿರುವಾಗಲೇ ಉಂಡು, ಅವನ ಕೆಲಸದಲ್ಲಿ ತಪ್ಪು ಹುಡುಕುವರು. ಅವನು ಒಳಗಿನಿಂದಲೇ ಬೈಯುವನು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾಕಾ ತೀರಿಕೊಂಡರು. ನಾನು ಹೋದಾಗ ಕಮ್ಮಾರ ಖಾನಾಪುರದಿಂದ ಬಂದು ಅವರ ಮನೆಯ ಹೊರಗೆ, ಗೋಡೆಗೆ ಒರಗಿ ನಿಂತಿದ್ದ. ಅತ್ತು ಕಣ್ಣು ಕೆಂಪಾಗಿದ್ದವು. ನನ್ನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿನ್ನ ಕೈ ನೋಡಿ ಕನಿಕರ ಬಂದ ಮಾಡಿದೆ ಅಂತ ತಿಳದೀಯೇನೋ ತಮ್ಮಾ? ಖರೇ ಹೇಳ್ತೀನಿ, ಇಲ್ಲ. ಜಿದ್ದಿನಾಗ ನಾನೂ ಕಮ್ಮಿ ಇಲ್ಲ, ಎಂಟ ದಿನಾ ಕುಂಡ್ರಸತಿದ್ದೆ. ಆದರ ಹೊತ್ತ ಮುಳಗಿತು. ಒಳಗ ನನ್ನ ಹೇಂತಿ ರೊಟ್ಟಿ ಬಡ್ಯಾಕತ್ತಿದ್ಲು. ಈ ಮನಷ್ಯಾ ಇನ್ನ ಮುಂಜಾನಿ ತನಕ ಉಣ್ಣಾಂಗಿಲ್ಲ ಅನ್ನೂದ ನನಗ ಗೊತ್ತಿತ್ತು. ನನ್ನ ಬಾಗಲದಾಗ ಹಸದ ಕುಂತಾನ. ನನಗ ತುತ್ತ ಇಳೀತಿತ್ತೇನು?"

ಸಂಸ್ಕಾರ ಮುಗಿಸಿ ನಾನು ಮನೆಗೆ ಬಂದಾಗ ಹೆಂಡತಿ ನೀರು ಕಾಯಿಸಿಟ್ಟಿದ್ದಳು, ಮಕ್ಕಳು ಉಣ್ಣುತ್ತಿದ್ದರು, ಅವ್ವ ಸಣ್ಣವನಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಬಾಗಿಲಲ್ಲೇ ನಿಂತು ಅವರನ್ನು ನೋಡಿದೆ. ನನ್ನ ಸಲುವಾಗಿ ಕಾಕಾ ಒಂದು ರಾತ್ರಿ ಹಸಿದು ಮಲಗಿದ್ದರು. ಆ ರಾತ್ರಿಯಿಂದೀಚೆಗೆ ನನ್ನ ಮನೆಯಲ್ಲಿ ಯಾರೂ ಹಸಿದು ಮಲಗಿಲ್ಲ.