ಹಸಿರು ಗುರಾಣಿ

ನನ್ನ ತಂಗಿಯ ಗಂಡ ನಮ್ಮ ಮನೆಗೆ ಬರಿಗೈಲಿ ಬಂದವನೇ ಅಲ್ಲ. ಹೆಂಡತಿಯ ಕಡೆಯವರ ಹೊಸಿಲು ದಾಟುವಾಗ ಕೈಯಲ್ಲಿ ಏನಾದರೂ ಇರಬೇಕು ಅನ್ನುವುದು ನಮ್ಮ ಕಡೆಯ ರೂಢಿ. ಅವನು ಅದನ್ನು ಒಂದು ಸಲವೂ ತಪ್ಪಿಸಲಿಲ್ಲ. ಹೆಮ್ಮಿಗೆಯ ಅವನ ತೋಟದ ಏಲಕ್ಕಿ ಬಾಳೆ, ಒಂದು ಚಿಪ್ಪು, ಬಾಳೆನಾರಿನಲ್ಲಿ ಬಿಗಿದು ಕಟ್ಟಿದ್ದು. ಗಂಟಿನ ಮೇಲೊಂದು ಗಂಟು. ಅದನ್ನು ಕೈಯಲ್ಲಿ ಬಿಚ್ಚಲು ನನಗೆ ಯಾವತ್ತೂ ಆಗಲಿಲ್ಲ, ಈಳಿಗೆಮಣೆಯೇ ಬೇಕಿತ್ತು.

ತಂಗಿ ಟಿ. ನರಸೀಪುರದಿಂದ ಒಂದು ಬ್ಯಾಗು, ಒಂದು ಲ್ಯಾಪ್‌ಟಾಪ್ ಹಿಡಿದು ನಂಜನಗೂಡಿಗೆ ನನ್ನ ಮನೆಗೆ ಬಂದಾಗ ನೆಂಟರಿಗೆಲ್ಲ ಹೇಳಿದ್ದು, ಮೈಗೆ ಹುಷಾರಿಲ್ಲ, ನಾಲ್ಕು ದಿನ ಅಕ್ಕನ ಮನೆಯಲ್ಲಿ ಇರುತ್ತಾಳೆ ಅಂತ. ನನಗೆ ಮಾತ್ರ ನಿಜ ಹೇಳಿದಳು. ಅವಳು ವಾಪಸ್ ಹೋಗುವುದಿಲ್ಲ. ಬೇರೆ ಊರಿನಲ್ಲಿ ಟೀಚರ್ ಕೆಲಸ, ಇರಲು ಒಂದು ಹಾಸ್ಟೆಲ್, ಇಷ್ಟು ಸಿಗುವವರೆಗೆ ಗಂಡನಿಗೆ ಸುಳಿವು ಸಿಗಬಾರದು. ಹಿಂದೊಮ್ಮೆ ಹೇಳದೆ ಬಸ್ ಹತ್ತಿದ್ದಕ್ಕೆ ಕೋಣೆಗೆ ಹಾಕಿ ಹೊರಗಿನಿಂದ ಬೀಗ ಜಡಿದಿದ್ದನಂತೆ. ಕೂಗಲಿಲ್ಲ, ಹೊಡೆಯಲಿಲ್ಲ. ಊಟದ ತಟ್ಟೆಯನ್ನು ತಾನೇ ಒಳಗೆ ತಂದಿಟ್ಟು, "ಉಂಡ್ಕೊ" ಅಂದನಂತೆ. ಹೊರಗೆ ಕೇಳಿ, ಅವನಂಥ ಅಳಿಯ ತಾಲ್ಲೂಕಿಗೇ ಇಲ್ಲ. ಗೊಬ್ಬರದ ಅಂಗಡಿ, ಹಣೆ ತುಂಬ ವಿಭೂತಿ, ಮಠಕ್ಕೆ ವರ್ಷಾ ವರ್ಷ ಅಕ್ಕಿ.

"ಮೊದ್ಲನೇ ವರ್ಷ ನಾನು ಪ್ರೀತಿ ಅನ್ಕಂಡಿದ್ದೆ ಕಣಕ್ಕ," ಅಂದಳು. ಮಧ್ಯಾಹ್ನ ಅವಳು ನುಚ್ಚಿನುಂಡೆ ಮಾಡುವುದು ಹೇಗೆ ಅಂತ ಲ್ಯಾಪ್‌ಟಾಪಿನಲ್ಲಿ ನೋಡಿದರೆ, ಸಂಜೆ ಅವನು ಚಪ್ಪಲಿ ಬಿಡುತ್ತಲೇ "ಇವತ್ತು ನುಚ್ಚಿನುಂಡೆಯಾ?" ಅನ್ನುತ್ತಿದ್ದನಂತೆ. ಯಾವ ಸೀರೆಯ ಚಿತ್ರ ನೋಡಿದಳೋ ಆ ಬಣ್ಣ ಅವನ ಬಾಯಲ್ಲಿ. ಕೇಳುತ್ತಾ ನನ್ನ ಮೈ ಉರಿಯಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

ನನ್ನದು ಲಗ್ನಪತ್ರಿಕೆ, ಗೃಹಪ್ರವೇಶದ ಪತ್ರಿಕೆ ಟೈಪ್ ಮಾಡಿಕೊಡುವ ಕೆಲಸ. ಕಂಪ್ಯೂಟರ್ ಅಂದರೆ ನನಗೆ ಅಂಜಿಕೆಯಿಲ್ಲ. ಲ್ಯಾಪ್‌ಟಾಪ್ ತೆಗೆದು ನೋಡಿದೆ. ಬ್ರೌಸರಿನಲ್ಲಿ ಇದ್ದದ್ದು ಅವನ ಖಾತೆ. ಮನೆಗೊಂದು ರೇಷನ್ ಕಾರ್ಡ್ ಇದ್ದ ಹಾಗೆ ನಮ್ಮಲ್ಲಿ ಮನೆಗೊಂದು ಖಾತೆ, ಅದು ಗಂಡಸಿನದು. "ಇದ್ರಲ್ಲಿ ಏನೂ ಹುಡುಕ್ಬೇಡ, ಬೇರೆ ಬ್ರೌಸರ್ ಹಾಕ್ಕೊಡ್ತೀನಿ" ಅಂದು, ಯಾರೂ ಬೆನ್ನು ಹತ್ತಿ ಬರದಂತೆ ನೋಡಿಕೊಳ್ಳುತ್ತದೆ ಅಂತ ಹೆಸರಾದ ಇನ್ನೊಂದನ್ನು ಇಳಿಸಿಕೊಂಡೆ. ತೆರೆದ ಕೂಡಲೇ ಅದು ಕೇಳಿತು, ಹಳೆಯದರಲ್ಲಿ ಇರುವುದನ್ನೆಲ್ಲ ಇಲ್ಲಿಗೆ ತರಲೇ ಅಂತ.

ನಮ್ಮ ಜನ ಮನೆ ಬದಲಾಯಿಸುವಾಗ ಒಡೆದ ಒರಳನ್ನೂ ಲಾರಿಗೆ ಏರಿಸುವವರು. ಹೊಸ ಮನೆಯಲ್ಲಿ ಹಾಲುಕ್ಕಿಸುವ ಮುಂಚೆಯೇ ಹಳೆಯ ಮನೆಯ ಡಬ್ಬ, ಚೊಂಬು, ಕೊನೆಗೆ ಕಿಟಕಿಗೆ ಕಟ್ಟಿದ್ದ ಹಗ್ಗ ಕೂಡ ಬಂದು ಕೂತಿರುತ್ತದೆ. ತಂಗಿ ತಾನು ಗುರುತು ಹಾಕಿಟ್ಟ ರಂಗೋಲಿ ಪುಟಗಳು ಹೋಗಿಬಿಟ್ಟಾವು ಅಂದಳು. ಸರಿ, ಎಲ್ಲ ಬರಲಿ ಅಂತ ಒತ್ತಿದೆ. ರಂಗೋಲಿಗಳು ಬಂದವು. ಮೇಲೆ ಬಲಮೂಲೆಯಲ್ಲಿ ಹಳೆಯದರಲ್ಲಿದ್ದ ಸಣ್ಣದೊಂದು ಹಸಿರು ಗುರಾಣಿಯ ಚಿತ್ರವೂ ಬಂದು ಕೂತಿತು. ವೈರಸ್ ತಡೆಯಲು ಬ್ರೌಸರಿಗೆ ಸೇರಿಸುವ ಯಾವುದೋ ಆ್ಯಡ್-ಆನ್ ಇರಬೇಕು, ಒಳ್ಳೆಯದೇ ಆಯಿತು ಅಂದುಕೊಂಡೆ. ಆ ದಿನವೆಲ್ಲ ತಂಗಿ ಹಾಸನದ ಶಾಲೆಗಳನ್ನೂ ಹೆಣ್ಣುಮಕ್ಕಳ ಹಾಸ್ಟೆಲ್‌ಗಳನ್ನೂ ನೋಡುತ್ತಾ ಕೂತಳು.

ಸೋಮವಾರ ಬಂತು. ಸೋಮವಾರ ಅವನು ದೇವರ ದರ್ಶನಕ್ಕೆ ನಂಜನಗೂಡಿಗೆ ಬರುತ್ತಾನೆ, ಮುಗಿಸಿ ನಮ್ಮ ಮನೆಗೂ ಬರುತ್ತಾನೆ. "ಬರಿಗೈಲಿ ಬರಕ್ಕಾಯ್ತದಾ ಅತ್ಗೆ" ಅನ್ನುತ್ತಾ ಬಾಳೆಹಣ್ಣು ಇಟ್ಟ. ಕಾಫಿ ಕುಡಿದ. ಲೋಟ ಕೆಳಗಿಡುತ್ತಾ, ತಂಗಿಯ ಕಡೆ ನೋಡದೆ, ನನಗೆ ಹೇಳಿದ.

"ಆಸನದಲ್ಲಿ ಈಗ ಬಾಳ ಚಳಿಯಂತೆ ಕಣತ್ಗೆ. ನಿಮ್ ತಂಗಿಗೆ ಚಳಿ ಆಗ್ಬರಕಿಲ್ಲ."

ಹಾಸನದ ಮಾತು ನಾವು ಯಾರ ಹತ್ತಿರವೂ ಎತ್ತಿರಲಿಲ್ಲ. ತಂಗಿ ಅಡುಗೆಮನೆಗೆ ಹೋದವಳು ಅವನು ಹೊರಡುವವರೆಗೆ ಈಚೆ ಬರಲಿಲ್ಲ.

ಅವನ ಬೈಕಿನ ಸದ್ದು ಅಡಗಿದ ಮೇಲೆ ಆ್ಯಡ್-ಆನ್‌ಗಳ ಪಟ್ಟಿ ತೆರೆದೆ. ಮೊದಲೇ ತೆರೆಯಬೇಕಿತ್ತು. ಗುರಾಣಿಯ ಮೇಲೆ ಒತ್ತಿದರೆ ವಿವರವೆಲ್ಲ ರಾಜಾರೋಷವಾಗಿ ಬರೆದಿತ್ತು: ಮನೆಮಂದಿಯ ರಕ್ಷಣೆಗಾಗಿ, ತೆರೆದ ಪ್ರತಿಯೊಂದು ಪುಟವನ್ನೂ ಓದಲು ಇದಕ್ಕೆ ಅನುಮತಿ ಇದೆ, ವರದಿ ಮನೆಯ ಯಜಮಾನರಿಗೆ ತಲುಪುತ್ತದೆ. ಚಿಕ್ಕ ಮಕ್ಕಳಿಗೆಂದು ಮಾಡಿದ ವಸ್ತು. ಮೂವತ್ತು ದಾಟಿದ ಹೆಂಗಸಿಗೆ ಹಾಕಿದ್ದ. ಥೂ ಅಂದೆ. ಕಿತ್ತು ಬಿಸಾಡಲು ಬೆರಳು ಇಟ್ಟೂ ಇಟ್ಟಿದ್ದೆ, ತಂಗಿ ನನ್ನ ಕೈ ಹಿಡಿದಳು.

"ಅಳೇದ್ರಲ್ಲಿ ಇರ್ಲಿ ಅಕ್ಕ. ಅಲ್ಲೂ ಕಿತ್ರೆ ಅವ್ರಿಗೆ ಗೊತ್ತಾಯ್ತದೆ."

ಅವಳ ಬುದ್ಧಿ ನನಗಿಂತ ಚುರುಕಾಗಿತ್ತು, ಭಯ ಚುರುಕು ಮಾಡಿತ್ತು. ಹೊಸ ಬ್ರೌಸರನ್ನು ಬೇರುಸಹಿತ ಅಳಿಸಿ ಮತ್ತೆ ಹಾಕಿದೆ. ಈ ಸಲ ಏನನ್ನೂ ತರುವುದು ಬೇಡ ಅಂದೆ. ರಂಗೋಲಿ ಇಲ್ಲ, ಪಾಸ್‌ವರ್ಡ್ ಇಲ್ಲ, ಒಂದೇ ಒಂದು ಆ್ಯಡ್-ಆನ್ ಇಲ್ಲ. ಪಾತ್ರೆ ಸಾಮಾನಿಲ್ಲದ ಮನೆಯ ಹಾಗೆ ಬಿಕೋ ಅನ್ನುತ್ತಿತ್ತು. ಅದರಲ್ಲಿ ತುಮಕೂರು ಹುಡುಕಿದೆವು. ಹಳೆಯದರಲ್ಲಿ ಅವನು ನೋಡಲೆಂದು ಒಬ್ಬಟ್ಟು, ಸೋಮವಾರದ ಪೂಜೆ, ಕಫಕ್ಕೆ ಕಷಾಯ. ಮುಂದಿನ ಸೋಮವಾರ ಅವನು ನಗುನಗುತ್ತಾ ಬಂದ, ಚಳಿಯ ಮಾತೆತ್ತಲಿಲ್ಲ. ಹಣ್ಣಿನ ಜೊತೆಗೆ ಒಂದು ಕಷಾಯದ ಪುಡಿಯ ಪೊಟ್ಟಣವೂ ಇತ್ತು. ನಾವಿಬ್ಬರೂ ಗೆದ್ದೆವು ಅಂದುಕೊಂಡೆವು.

ಮಾರನೆಯ ದಿನ ತಂಗಿ ತುಮಕೂರಿನ ಬಸ್ ಹತ್ತಿದಳು. ಅಲ್ಲೊಂದು ಶಾಲೆಯವರು ಬಾ ಅಂದಿದ್ದರು, ಹಾಸ್ಟೆಲಿನಲ್ಲಿ ರೂಮೂ ಸಿಕ್ಕಿತ್ತು. ಲ್ಯಾಪ್‌ಟಾಪ್ ನನ್ನ ಹತ್ತಿರವೇ ಉಳಿಯಿತು. ಶಾಲೆಯವರು ಕೆಲಸದ ಆರ್ಡರ್ ಕೊಡುವವರೆಗೆ ಅವಳು ಇಲ್ಲೇ ಇದ್ದಂತೆ ತೋರಿಸಬೇಕು. ಆಮೇಲೆ ಹಿರಿಯರನ್ನು ಕೂರಿಸಿ ಹೇಳುವುದು ಅಂತ ಮಾತಾಗಿತ್ತು. ಸಂಜೆ ಅವನ ಫೋನು ಬಂದರೆ ಅವಳು ನನ್ನ ಅಡುಗೆಮನೆಯಲ್ಲಿ ನಿಂತವಳಂತೆ ಮಾತಾಡುವಳು. ನಾನು ದಿನವೂ ಹಳೆಯ ಬ್ರೌಸರಿನ ಮುಂದೆ ಕೂತು ನನ್ನ ತಂಗಿಯಾಗುತ್ತಿದ್ದೆ. ಅವಳು ನೋಡುವಂಥದ್ದನ್ನೇ ನೋಡುತ್ತಿದ್ದೆ. ನನಗೆ ಬೇಕಾದ ಒಂದು ಪುಟವನ್ನೂ ಅಲ್ಲಿ ತೆರೆಯುತ್ತಿರಲಿಲ್ಲ. ಆದರೂ ರಂಗೋಲಿಗಳನ್ನು ಸರಿಸುತ್ತಾ ಸರಿಸುತ್ತಾ, ಆ ಗೊಬ್ಬರದಂಗಡಿಯಲ್ಲಿ ಕೂತು ಯಾರೋ ನನ್ನ ಬೆರಳನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಸೋಮವಾರ ಬೆಳಿಗ್ಗೆ, ಅವನು ಬರುವ ಮುಂಚೆ, ಎಂದಿನಂತೆ ತೆರೆದೆ. ಬಲಮೂಲೆ ಖಾಲಿ ಇತ್ತು.

ಪಟ್ಟಿಯಲ್ಲಿ ಹುಡುಕಿದೆ. ಗುರಾಣಿ ಅಲ್ಲೂ ಇರಲಿಲ್ಲ. ನಾನು ತೆಗೆದಿಲ್ಲ. ಖಾತೆ ಅವನದು. ಟಿ. ನರಸೀಪುರದಲ್ಲಿ ಕೂತು ಅವನು ತೆಗೆದರೆ ಇಲ್ಲೂ ಹೋಗುತ್ತದೆ. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವನು ಈಗ ಯಾಕೆ ತೆಗೆದ? ಇನ್ನು ಬೇಕಾಗಿಲ್ಲವೆಂದೇ ತೆಗೆದಿರಬೇಕು. ಎಲ್ಲಿ ಎಡವಿದೆವೋ ನನಗೆ ಇವತ್ತಿಗೂ ತಿಳಿದಿಲ್ಲ.

ಕಾಫಿಗೆ ಹಾಲು ಕಾಯಿಸಿಟ್ಟು ಬಾಗಿಲ ಕಡೆ ನೋಡುತ್ತಾ ಕೂತೆ. ಜೀವಮಾನದಲ್ಲಿ ಮೊದಲ ಸಲ, ಅವನು ಬರಲಿ ದೇವರೇ ಅಂತ ಬೇಡಿಕೊಂಡೆ. ದರ್ಶನದ ಹೊತ್ತು ಮೀರಿತು. ಹಾಲು ಕೆನೆಗಟ್ಟಿತು. ಬೈಕಿನ ಸದ್ದು ಬರಲಿಲ್ಲ.

ತಂಗಿಗೆ ಫೋನ್ ಮಾಡಿದೆ. ಕೂಡಲೇ ಎತ್ತಿದಳು, ಪಿಸುಗುಟ್ಟುವಂತೆ ಮಾತಾಡಿದಳು.

"ಅಕ್ಕ, ನನ್ ರೂಮ್ ಬಾಗ್ಲಲ್ಲಿ ಯಾರೋ ಒಂದ್ ಚಿಪ್ಪು ಬಾಳೆಹಣ್ಣು ಇಟ್ಟೋಗವ್ರೆ."

ಫೋನಿನಲ್ಲಿ ಬಾಳೆನಾರು ಜಗ್ಗುವ ಸದ್ದು ಕೇಳಿಸಿತು.

"ಗಂಟು ಬಿಚ್ಚಕ್ಕಾಯ್ತಿಲ್ಲ ಕಣಕ್ಕ."

"ಒಳಗೋಗಿ ಬಾಗ್ಲು ಹಾಕ್ಕೊ," ಅಂದೆ.