ಉಷ್ಣ ಇಳಿಯುವ ತನಕ

ಎಲ್ಲ ಊರುಗಳಲ್ಲೂ ಗಂಡಸರು ಮೂತ್ರಕ್ಕೆ ಹೋಗಿ ಬಂದ ಮೇಲೆ ಕೈ ತೊಳೆಯುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಮಾತ್ರ ಹೋಗುವ ಮೊದಲು ತೊಳೆಯುತ್ತಾರೆ, ಅದೂ ಎಣ್ಣೆ ಹಚ್ಚಿ, ಸಾಬೂನು ಹಾಕಿ, ಎರಡೆರಡು ಸಲ. ಮರೆತವನ ಕುಣಿತ ನೋಡಿ ನಗುವುದು ಅಲ್ಲಿನ ಹಳೆಯ ಮನರಂಜನೆ. ಉಡಚಪ್ಪ ಅಲ್ಲಿ ಹದಿನೆಂಟು ವರ್ಷ ಚೀಲಕ್ಕೆ ಕೈ ಹಾಕಿದವನು. ಒಂದು ಕಾಯಿ ಮುರಿದು, ಮೂಸಿ, ಇದರಲ್ಲಿ ತೇವ ಇದೆ, ಇದಕ್ಕೆ ಬಣ್ಣ ಸಾಲದು ಎಂದು ಅವನು ಹೇಳಿದರೆ ದಲಾಲಿ ಅಂಗಡಿಯ ಮಾಲೀಕ ಮರುಮಾತಾಡುತ್ತಿರಲಿಲ್ಲ. ಹೀಗಾಗಿ ಒಂದು ಫೆಬ್ರುವರಿಯಲ್ಲಿ, ಹೆಂಡತಿಯ ಜೊತೆಗಿದ್ದಾಗ ಶಿಶ್ನದಲ್ಲಿ ಜಗ್ಗಿ ಹಿಡಿದಂಥ ನೋವು ಕಾಣಿಸಿದಾಗ, ಅವನು ಬೈದುಕೊಂಡದ್ದು ತನ್ನ ಕೈಗಳನ್ನೇ.

ವಾರ ಕಳೆದರೂ ನೋವು ಹೋಗಲಿಲ್ಲ. ಅಂಗ ಗಟ್ಟಿಯಾದಾಗಲೆಲ್ಲ ಬಂತು. ಸ್ನಾನ ಮಾಡುವಾಗ ಚರ್ಮದ ಕೆಳಗೆ ತೊಗರಿಕಾಳಿನಷ್ಟು ಗಂಟು ಬೆರಳಿಗೆ ಸಿಕ್ಕಿತು. ಅದರ ಕಡೆಗೇ ಅಂಗ ತುಸು ಬಾಗುತ್ತಿದ್ದದ್ದೂ ಗೊತ್ತಾಯಿತು. ನಲವತ್ತೊಂದಕ್ಕೆ ಮದುವೆಯಾಗಿ, ನಲವತ್ನಾಲ್ಕಾದರೂ ಮಕ್ಕಳಿಲ್ಲದ ಗಂಡಸಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಬೇಕೆ? ಹೆಂಡತಿ ನೀಲಾಗೆ ಆಗಲೇ ಮೂವತ್ತಾರು. ಮಗುವಿಗಾಗಿ ಕಾಯಲು ಇನ್ನು ಹೆಚ್ಚು ವರ್ಷಗಳಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಹೆಂಡತಿಗೆ ಹೇಳಬೇಕಾದದ್ದನ್ನು ಈ ಮಹಾಶಯ ಹೇಳಿದ್ದು ಮಾರ್ಕೆಟ್ಟಿನಲ್ಲಿ ತೂಕ ಮಾಡುವ ಅಬ್ದುಲರಜಾಕನಿಗೆ. ಅಬ್ದುಲರಜಾಕ ಒಳ್ಳೆಯ ಮನುಷ್ಯ. ಒಳ್ಳೆಯವರು ಕೊಡುವ ತಪ್ಪು ಸಲಹೆಯೇ ಹೆಚ್ಚು ಅಪಾಯ, ಯಾಕೆಂದರೆ ಅದನ್ನು ಕೇಳುತ್ತೇವೆ.

"ಇದು ಉಷ್ಣ, ಉಡಚಪ್ಪಾ. ಹದಿನೆಂಟು ವರ್ಸ ಘಾಟು ಕುಡದೀದಿ, ಮೈಯಾಗ ಸೇರದ ಎಲ್ಲಿಗ ಹೋದೀತು? ಮೊದಲ ಮೆಣಸಿನಕಾಯಿ ಬಿಡು. ಮನಿಯಾಕಿನ್ನೂ ಸ್ವಲ್ಪ ದಿನ ದೂರ ಇಡು. ಆಕಿನೂ ದಿನಾ ತೊಟ್ಟು ಬಿಡಸಾಕ ಹೋಗತಾಳ, ಸೀರ್ಯಾಗ ಘಾಟು ಹೊತ್ಕೊಂಡ ಬರತಾಳ."

"ದವಾಖಾನಿಗೆ ಹೋಗ್ಲೇನು?"

"ಏನಂತ ತೋರಸ್ತಿ ಅಲ್ಲಿ? ಉಷ್ಣ ಇಳದ್ರ ಎಲ್ಲಾ ಸರಿ ಆಗತೈತಿ."

ಮಾರ್ಕೆಟ್ಟಿನಲ್ಲಿ ಕಣ್ಣುರಿಗೂ ಉಷ್ಣ, ಬಾಯಿಹುಣ್ಣಿಗೂ ಉಷ್ಣ. ಸೊಂಟದ ಕೆಳಗಿನದಕ್ಕಂತೂ ಬೇರೆ ಕಾರಣವನ್ನೇ ಯಾರೂ ಹುಡುಕುವುದಿಲ್ಲ. ಉಡಚಪ್ಪ ತನ್ನ ಮಾತಿಗೆ ಬೆಲೆಯಿದ್ದ ಕೆಲಸ ಬಿಟ್ಟು, ರಾಣೆಬೆನ್ನೂರಿನ ಬೀಜದ ಗೋದಾಮಿನಲ್ಲಿ ಚೀಲ ಹೊಲಿಯಲು ಸೇರಿದ. ನೆತ್ತಿಗೂ ಹೊಕ್ಕುಳಿಗೂ ಹರಳೆಣ್ಣೆ ಹಚ್ಚಿಕೊಂಡ, ತಂಬಿಗೆಗಟ್ಟಲೆ ಮಜ್ಜಿಗೆ ಕುಡಿದ. ಮಾರ್ಚಿನಲ್ಲಿ ನೀಲಾಳನ್ನು ಮೋಟೆಬೆನ್ನೂರಿನ ತವರಿಗೆ ಬಿಟ್ಟುಬಂದ.

"ಯಾಕ್ರೀ, ಏನಾಗೇತಿ?" ಎಂದು ಅವಳು ಕೇಳಿದಳು.

"ಏನಿಲ್ಲ. ಸ್ವಲ್ಪ ದಿನ ಇರು," ಎಂದ. ಅಷ್ಟೇ ಹೇಳಿದ್ದು.

ಆಗಸ್ಟ್ ಹೊತ್ತಿಗೆ ನೋವು ನಿಂತಿತು. ಅವತ್ತು ಉಡಚಪ್ಪನ ಸಂತೋಷ ನೋಡಬೇಕಿತ್ತು. ಗೋದಾಮಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದ, ಯಾಕೆಂದು ಮಾತ್ರ ಹೇಳಲಿಲ್ಲ. ಉಷ್ಣ ಇಳಿದಿದೆ, ಪಂಚಮಿ ಮುಗಿದ ಕೂಡಲೇ ನೀಲಾಳನ್ನು ಕರೆತರಬೇಕು ಎಂದು ಲೆಕ್ಕ ಹಾಕಿದ. ಆದರೆ ಬಾಗಿದ್ದು ನೆಟ್ಟಗಾಗಿರಲಿಲ್ಲ. ನೋವು ಸದ್ದಿಲ್ಲದೆ ಹೋದ ಹಾಗೆಯೇ ಬಾಗು ಸದ್ದಿಲ್ಲದೆ ಹೆಚ್ಚಿತ್ತು. ನೋವೇ ಹೋದ ಮೇಲೆ ಇದೂ ಹೋದೀತು ಎಂದುಕೊಂಡು ಮತ್ತೆ ಕಾದ. ದಸರೆ ಹೋಯಿತು, ದೀಪಾವಳಿ ಹೋಯಿತು. ಒಂದು ಬೆಳಿಗ್ಗೆ ನೋಡಿಕೊಂಡಾಗ, ಈ ಸ್ಥಿತಿಯಲ್ಲಿ ಇನ್ನು ಹೆಂಡತಿಯ ಜೊತೆ ಕೂಡುವುದೇ ಆಗಲಿಕ್ಕಿಲ್ಲ ಎನಿಸಿತು. ಆ ದಿನ ಗೋದಾಮಿಗೆ ಹೋಗದೆ ಹಾವೇರಿಯ ಬಸ್ಸು ಹತ್ತಿದ.

ಮೂತ್ರರೋಗದ ಡಾಕ್ಟರು ಪರೀಕ್ಷೆ ಮಾಡಿ, ಕೈ ಒರೆಸಿಕೊಳ್ಳುತ್ತ ಕೂತರು. "ಇದಕ್ಕ ಪೆರೋನೀಸ್ ಕಾಯಿಲೆ ಅಂತಾರ. ಮೆಣಸಿನಕಾಯಿಗೂ ಇದಕ್ಕೂ ಸಂಬಂಧ ಇಲ್ಲ. ಒಳಗ ಎಲ್ಲೋ ಸಣ್ಣ ಪೆಟ್ಟು ಬಿದ್ದು, ಮಾಯುವಾಗ ಕಲೆ ಗಟ್ಟಿ ಆಗೈತಿ. ಆ ಜಾಗಾ ಹಿಗ್ಗೂದಿಲ್ಲ, ಅದಕ್ಕ ಆ ಕಡೆ ಬಾಗತೈತಿ."

"ನೋವು ಪೂರಾ ಹೋಗೈತ್ರಿ ಸಾಹೇಬ್ರ. ಅದು ಚಲೋ ಅಲ್ರಿ?"

"ನೋವು ಹೆಚ್ಚುಕಮ್ಮಿ ಎಲ್ಲಾರಿಗೂ ಹೋಗತೈತಿ. ಅದು ಹೋತಂದ್ರ ಬಾಗಿದ್ದು ಸರಿ ಆತು ಅಂತಲ್ಲ, ಕಲೆ ಬಲೀಲಿಕ್ಕತ್ತೈತಿ ಅಂತ. ನೋವಿದ್ದಾಗ ಬಂದಿದ್ರ, ಬಾಗೂದನ್ನ ಸ್ವಲ್ಪರ ತಡೀಲಿಕ್ಕೆ ನೋಡಬಹುದಿತ್ತು."

"ಮುಂದ ಇನ್ನೂ ಹೆಚ್ಚಾಗತೈತೇನ್ರಿ?"

"ಔಷಧ ಇಲ್ಲದ ಬಿಟ್ಟರ, ಹತ್ತು ಮಂದ್ಯಾಗ ನಾಲ್ಕೈದು ಮಂದಿಗೆ ಹೆಚ್ಚಾಗತೈತಿ. ನಾಲ್ಕು ಮಂದಿಗೆ ಇದ್ದಂಗ ಇರತೈತಿ. ಒಬ್ಬಗ ತಾನ ಕಡಿಮಿ ಆಗತೈತಿ."

"ನಾ ಯಾರ್ರಿ, ಆ ಹತ್ತರಾಗ?"

"ಹೇಳಾಕ ಬರೂದಿಲ್ಲ. ದೀಪಾವಳಿಗಿಂತ ಈಗ ಹೆಚ್ಚಾಗೈತಿ ಅಂತ ನೀವ ಅಂತೀರಿ. ಅಂದ್ರ ಇನ್ನೂ ನಿಂತಿಲ್ಲ. ಮೂರು ತಿಂಗಳು ಬಿಟ್ಟು ಬರ್ರಿ, ಅಳತಿ ನೋಡೋಣು. ಒಂದ ಕಡೆ ನಿಂತ ಮ್ಯಾಲ ಆಪರೇಷನ್ ಮಾತು." ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಡಾಕ್ಟರು ಕೇಳಿದರು, "ಮನಿಯವರಿಗೆ ಹೇಳೀರಿಲ್ಲೋ?"

ಉಡಚಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿದ. ಅವನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ. ಕಾಯಿಲೆ ಅವನು ಕೇಳಿ ತಂದದ್ದಲ್ಲ, ಬಾಯಿ ಮುಚ್ಚಿಕೊಂಡಿದ್ದು ಮಾತ್ರ ಅವನದೇ ಕೆಲಸ.

ಹಾವೇರಿಯಿಂದ ಬರುವಾಗ ಅವನು ಬ್ಯಾಡಗಿಗೆ ಹೋಗದೆ ಮೋಟೆಬೆನ್ನೂರಿನಲ್ಲಿ ಇಳಿದ. ನೀಲಾ ತವರುಮನೆಯ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಏಳಲಿಲ್ಲ. ಅವಳು ಸೊರಗಿದ್ದಳು. ಓಣಿಯಲ್ಲಿ ಯಾರೂ ಇರಲಿಲ್ಲ. ಎದುರಿಗೆ ಕೂತು, ತಲೆ ತಗ್ಗಿಸಿ, ಫೆಬ್ರುವರಿಯಿಂದ ಹಿಡಿದು ಎಲ್ಲ ಹೇಳಿದ: ನೋವು, ಗಂಟು, ಅಬ್ದುಲರಜಾಕನ ಉಷ್ಣ, ಡಾಕ್ಟರರ ಹತ್ತು ಮಂದಿ. ಅವಳ ಕೈ ಮೊರದಲ್ಲೇ ನಿಂತಿತ್ತು.

"ಪಂಚಮಿಗೆ ಬಂದ ಹೆಣ್ಣಮಕ್ಕಳೆಲ್ಲಾ ಗಂಡನ ಮನಿಗೆ ತಿರುಗಿ ಹೋದ್ರು," ಎಂದಳು ನೀಲಾ. "ನನ್ನ ಯಾಕ ಕರ್ಯಾಕ ಬಂದಿಲ್ಲ ಅಂತ ಎಲ್ಲಾರೂ ಕೇಳಿದ್ರು. ನಾ ಬಂಜಿ ಅಂತ ಬಿಟ್ಟಾರ ಅಂದ್ಕೊಂಡ್ನಿ. ದಿನಾ ನನ್ನದ ತಪ್ಪ ಹುಡಕಿದ್ನಿ."

"ನಿಂದೇನೂ ತಪ್ಪಿಲ್ಲ, ನೀಲಾ. ನಾಚಿಕಿ ಆತು. ಅದಕ್ಕ ಹೇಳಲಿಲ್ಲ."

"ನಿಮಗ ನೋವಿದ್ದಾಗ ಹೇಳಿದ್ರ ನಾನ ಕೈ ಹಿಡದು ದವಾಖಾನಿಗೆ ಕರಕೊಂಡ ಹೋಗ್ತಿದ್ನಿ."

"ಈಗ ಹೋಗೂಣು. ಮೂರು ತಿಂಗಳು ಬಿಟ್ಟು ಇಬ್ಬರೂ ಹೋಗೂಣು. ಒಬ್ಬಗರ ಕಡಿಮಿ ಆಗತೈತಿ ಅಂದಾರ."

ನೀಲಾ ಅವನನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ಅವನಿಗೆ ಸ್ವಲ್ಪ ಧೈರ್ಯ ಬರುತ್ತಿತ್ತು.

"ನಿಮ್ಮದು ಹತ್ತರಾಗ ಎಷ್ಟ ಮಂದಿಗೆ ಹೆಚ್ಚಾಗತೈತಿ ಅಂತ ಕೇಳ್ಕೊಂಡ ಬಂದೀರಿ. ಗಂಡ ಒಂದು ಮಾತು ಹೇಳದ ತವರಾಗ ಬಿಟ್ಟು ಹೋದ ಹೆಂಗಸರು, ಹತ್ತರಾಗ ಎಷ್ಟ ಮಂದಿ ತಿರುಗಿ ಹೋಗ್ತಾರ? ಅದನ್ನೂ ಕೇಳ್ಕೊಂಡ ಬರಬೇಕಿತ್ತಲ್ರಿ."

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಒಳಗೆ ಬರ್ರಿ ಎಂದೂ ಅನ್ನಲಿಲ್ಲ.