ವಿಭೂತಿ ಹತ್ತಿದ ಕಾಗದಗಳು

ಅಪ್ಪ ದನಗಳ ರೋಗದ ವಿಜ್ಞಾನಿ. ಅಜ್ಜಂಪುರದಲ್ಲಿ ನಮ್ಮ ಸಮಾಜದ ಅಧ್ಯಕ್ಷರೂ ಹೌದು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡ ಕೈಯಲ್ಲೇ ಬರೆಯಲು ಕೂರುತ್ತಿದ್ದರು. ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ ದನಗಳ ರಕ್ತಪರೀಕ್ಷೆಯ ಟಿಪ್ಪಣಿಯಾಗಲಿ, ಶಿವರಾತ್ರಿಯ ಭಾಷಣವಾಗಲಿ, ಹಾಳೆಯ ಅಂಚಿನಲ್ಲಿ ಅವರ ಬೆರಳಿನ ಬಿಳಿ ಗುರುತು ಇದ್ದೇ ಇರುತ್ತಿತ್ತು. "ಕೈ ತೊಳ್ಕಂಡು ಬರೀಬಾರ್ದೇನ್ರೀ?" ಎಂದು ಓದು ಬಾರದ ಅಮ್ಮ ದಿನವೂ ಗೊಣಗುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಗ್ರಂಥಾಲಯವೊಂದರವರು ಆ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿಡುತ್ತೇವೆ, ಕೊಡಿ ಎಂದು ಕೇಳಿದರು. ಕೊಟ್ಟೆ. ಹೋದ ತಿಂಗಳು ಹೊಸ ಪೆಟ್ಟಿಗೆಗಳಲ್ಲಿ ಜೋಡಿಸಿ ತಂದುಕೊಟ್ಟರು.

"ತುಂಬಾ ಧೂಳಿತ್ತು ಮೇಡಂ. ಒಂದೊಂದು ಹಾಳೇನೂ ಬ್ರಷ್ಷಲ್ಲಿ ಕ್ಲೀನ್ ಮಾಡಿದೀವಿ" ಎಂದರು, ಹೆಮ್ಮೆಯಿಂದ.

ನನಗೆ ಮೈ ಉರಿಯಿತು. ಆದರೆ ಏನೆಂದು ಜಗಳವಾಡಲಿ? ಅಕ್ಷರ ಒಂದೂ ಅಳಿಸಿರಲಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ಅಮ್ಮ ಪೆಟ್ಟಿಗೆ ತೆರೆದು ಒಂದು ಹಾಳೆಯ ಅಂಚನ್ನು ಸವರಿ, ತನ್ನ ಬೆರಳು ನೋಡಿಕೊಂಡಳು. ಇನ್ನೊಂದು ಹಾಳೆ ತೆಗೆದಳು, ಮತ್ತೊಂದು. ಆಮೇಲೆ ಮುಚ್ಚಳ ಹಾಕಿ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದಳು.

"ಇವು ನಿಮ್ಮಪ್ಪನವಲ್ಲ ಕಣೇ. ಯಾರವೋ ಬಂದ್ಬಿಟ್ಟವೆ. ವಾಪಸ್ ಕೊಟ್ಬಿಡು."